ಇಕ್ಕಟ್ಟಿನ ಸಹಿ

ಹಡಗಿನ ಉಗ್ರಾಣದವನ ತಕ್ಕಡಿಯಲ್ಲಿ ಹದಿನಾರು ಔನ್ಸಿನ ಪೌಂಡು ಹದಿನಾಲ್ಕಕ್ಕೇ ಮುಗಿಯುತ್ತಿತ್ತು. ಪ್ಲಿಮತ್ ಬಂದರು ಎಂಟು ತಿಂಗಳಿಂದ ಕಣ್ಣೆದುರಿಗೇ ಇದ್ದರೂ ಒಬ್ಬನಿಗೂ ದಡಕ್ಕಿಳಿಯುವ ಅಪ್ಪಣೆಯಿರಲಿಲ್ಲ. ಕೊನೆಗೆ ಹೋಸಿಯಾ ಟ್ರೆವಿನ್, ಹತ್ತು ವರ್ಷ ನನ್ನ ಪಕ್ಕದಲ್ಲೇ ಹಾಯಿ ಕಟ್ಟಿದವನು, ರೊಟ್ಟಿ ಮಾರುವ ದೋಣಿಯವಳ ಕೈಯಲ್ಲಿ ದೂರು ಬರೆಸಿದ. ನ್ಯಾಯ ಸಿಗುವ ತನಕ ಲಂಗರು ಎತ್ತುವುದಿಲ್ಲ ಎಂದು ಅದರಲ್ಲಿತ್ತು.

ಇಂಥ ಕಾಗದಕ್ಕೆ ಮೊದಲು ಸಹಿ ಹಾಕಿದವನಿಗೆ ನೇಣು. ಅದಕ್ಕೇ ನಾವಿಕರು ಸಾಲಾಗಿ ಸಹಿ ಹಾಕುವುದಿಲ್ಲ, ಬಂಡಿಚಕ್ರದ ಅರಗಳ ಹಾಗೆ ಸುತ್ತಲೂ ಹಾಕುತ್ತೇವೆ. ಮೊದಲಿಲ್ಲ, ಕೊನೆಯಿಲ್ಲ.

ಹೋಸಿಯಾ ತನ್ನ ಹೆಸರು ಬರೆದು ಲೇಖನಿಯನ್ನು ನನ್ನ ಕಡೆ ಚಾಚಿದ. "ಹಾಕೋ ಬಾರ್ನಬಿ. ಎರಡನೇದು ನಿಂದೇ."

"ನಾಳೆ ನೋಡೋಣ."

"ಯಾಕೋ, ಮುಹೂರ್ತ ಕೇಳ್ಬೇಕಾ?"

ಸುತ್ತಲಿದ್ದವರು ನಕ್ಕರು. ನಾನು ನಗಲಿಲ್ಲ. ನನ್ನದು ಹಾಳು ಬುದ್ಧಿ, ಹಗ್ಗ ಕಂಡರೂ ಹಾವು ಎನ್ನುವಂಥದ್ದು. ಕ್ಯಾಪ್ಟನ್ನನ ಅಡಿಗೆಯವ ಪ್ಯಾಸ್ಕೋ ಚಾಡಿಕೋರ ಎಂದು ನಾನೇ ಹಬ್ಬಿಸಿದೆ. ಅವನ ಜೊತೆ ಯಾರೂ ಊಟಕ್ಕೆ ಕೂರದ ಹಾಗಾಯಿತು. ಆದರೆ ನನ್ನನ್ನು ಒಳಗೊಳಗೇ ಕೊರೆಯುತ್ತಿದ್ದ ಅನುಮಾನ ಹೋಸಿಯಾನ ಮೇಲಿತ್ತು. ಹೋದ ವಾರ ಲೆಫ್ಟಿನೆಂಟ್ ಅವನ ಹೆಗಲು ತಟ್ಟಿ ನಕ್ಕಿದ್ದು ಯಾಕೆ? ಈ ಕಾಗದವೇ ನಮ್ಮನ್ನು ಹಿಡಿಯುವ ಬಲೆಯಾಗಿದ್ದರೆ?

ಮೂರು ದಿನದಲ್ಲಿ ಮೂವತ್ತೆಂಟು ಹೆಸರು ಬಿದ್ದವು. ಉಳಿದವನು ನಾನೊಬ್ಬನೇ. ಈಗ ಎಲ್ಲರೂ ನನ್ನನ್ನೇ ಗುಮಾನಿಯಿಂದ ನೋಡತೊಡಗಿದ್ದರು. ಹೆದರಿ ಗೀಚಿದೆ. ಚಕ್ರದಲ್ಲಿ ಉಳಿದಿದ್ದದ್ದು ಬೆರಳಗಲ ಜಾಗ, ಹೋಸಿಯಾನ ಹೆಸರಿಗೆ ಒತ್ತಿಕೊಂಡು.

ಮರುದಿನ ಮಧ್ಯಾಹ್ನ ಕ್ಯಾಪ್ಟನ್ ನಮ್ಮನ್ನೆಲ್ಲ ಡೆಕ್ಕಿನ ಮೇಲೆ ನಿಲ್ಲಿಸಿದ. ಹಿಂದೆ ಬಂದೂಕಿನವರು. ನಾವು ತಲುಪಿಸಿದ್ದ ಕಾಗದವನ್ನು ಅವನು ನಿಧಾನವಾಗಿ ತಿರುಗಿಸಿದ.

"ಚಕ್ರ ಚೆನ್ನಾಗಿದೆ ಕಣ್ರೋ. ಈ ಬಾರ್ನಬಿ ಟಕೆಟ್ ಮಾತ್ರ ಯಾಕೋ ಉಸಿರು ಬಿಗಿಹಿಡಿದು ನಿಂತಿದಾನೆ. ಜಾಗ ಸಾಲದವನು ಕೊನೆಯವನು, ಅಲ್ವಾ? ಒಂದು ಪಕ್ಕದಲ್ಲಿ ಹೆಸರುಗಳು ಸಣ್ಣಗಾಗ್ತಾ ಬಂದಿವೆ. ಇನ್ನೊಂದು ಪಕ್ಕದಲ್ಲಿ ಕಾಲು ಚಾಚ್ಕೊಂಡು ಕೂತಿರೋ ಮೊದಲನೆಯವನು ಯಾರಪ್ಪಾ?"

ಹೋಸಿಯಾನ ಹೆಸರು ಓದಿದ. ಒಬ್ಬನೂ ಕದಲಲಿಲ್ಲ. ಪಾಪ, ಪ್ಯಾಸ್ಕೋ ಒಬ್ಬನೇ ಅತ್ತ.

ಸಂಕೋಲೆ ತೊಡಿಸುವಾಗ ಹೋಸಿಯಾ ನನ್ನ ಎದುರಿಗೇ ಇದ್ದ. ಅವನಿಗೆ ನೇಣು ಖಂಡಿತವೆಂದು ಇಬ್ಬರಿಗೂ ಗೊತ್ತಿತ್ತು.

"ಮೊದಲನೇ ದಿನವೇ ಹಾಕಿದ್ರೆ ಜಾಗ ಸಾಕಾಗಿರೋದಲ್ಲೋ," ಅಂದ. ಧ್ವನಿಯಲ್ಲಿ ಕೋಪವಿರಲಿಲ್ಲ. "ಯಾಕೆ ತಡ ಮಾಡ್ದೆ?"

"ಪ್ಯಾಸ್ಕೋ ಮೇಲೆ ಅನುಮಾನ ಇತ್ತು," ಅಂದೆ.

"ಹುಚ್ಚಪ್ಪ, ನನ್ನ ಹತ್ರ ಹೇಳ್ಬಾರ್ದಿತ್ತಾ? ನಾನಿರ್ಲಿಲ್ವಾ?"