ಅಮೀರಾಳ ಕಾಲೇಜಿಗೆ ಹೋಗುವ ದಾರಿ

ಪುತ್ತೂರು–ಕಡಬ ಖಾಸಗಿ ಬಸ್ಸಿನ ಡ್ರೈವರ್ ಮುಸ್ತಫಾ ಮೂರು ವಿಮಾನ ಬದಲಿಸಿ ಸೈಂಟ್ ಲೂಸಿಯಾ ದ್ವೀಪಕ್ಕೆ ಹೋದದ್ದು ಮಗಳು ಅಮೀರಾಳ ಮೆಡಿಕಲ್ ಕಾಲೇಜನ್ನು ಕಣ್ಣಾರೆ ನೋಡಬೇಕೆಂಬ ಒಂದೇ ಆಸೆಯಿಂದ. ಮೂರು ವರ್ಷದ ಹಿಂದೆ ಪುತ್ತೂರಿನ ಏಜೆಂಟ್ ನಿಯಾಝ್ ಅವಳನ್ನು ಅಲ್ಲಿಗೆ ಸೇರಿಸಿದ್ದ. ಅಂದಿನಿಂದ ಮುಸ್ತಫಾನ ಬಸ್ಸಿಗೆ ಹತ್ತಿದವರೆಲ್ಲ ಆ ದ್ವೀಪದ ಹೆಸರು ಕಲಿತಿದ್ದರು.

ಆದರೆ ಹೋಗಿ ಮೂರು ದಿನವಾದರೂ ಕಾಲೇಜು ಕಾಣಸಿಗಲಿಲ್ಲ. ಅಮೀರಾ ವ್ಯೂ ಫೋರ್ ಎಂಬ ಪಟ್ಟಣದಲ್ಲಿ ಒಂದು ಕೋಣೆ ಮಾಡಿಕೊಂಡಿದ್ದಳು. ಬೆಳಗ್ಗೆ ಬಿಳಿ ಕೋಟು ಮಡಚಿ ಚೀಲಕ್ಕೆ ತುರುಕಿ, "ಉಪ್ಪ, ಈಗ ಪರೀಕ್ಷೆಯ ಸಮಯ. ಹೊರಗಿನವರನ್ನು ಒಳಗೆ ಬಿಡುದಿಲ್ಲ. ನೀವು ಇವತ್ತು ಸೂಫ್ರಿಯೆರ್ ನೋಡಿ ಬನ್ನಿ," ಎಂದು ವ್ಯಾನು ಹೊರಡುವ ಜಾಗ ತೋರಿಸಿ ಹೋಗಿಬಿಡುತ್ತಿದ್ದಳು.

ಮುಸ್ತಫಾ ಹೇಳಿದಲ್ಲಿಗೆಲ್ಲ ಹೋದ. ಅಲ್ಲಿ ದೊಡ್ಡ ಬಸ್ಸುಗಳು ಕಾಣಲಿಲ್ಲ. ಹದಿನೈದು ಜನ ಹಿಡಿಸುವ ವ್ಯಾನುಗಳೇ ಊರೂರು ಸುತ್ತುತ್ತಿದ್ದವು. ಸೀಟು ತುಂಬದೆ ಡ್ರೈವರ್ ಹೊರಡುತ್ತಿರಲಿಲ್ಲ. ಹತ್ತಿದವರೆಲ್ಲ ಒಳಗಿದ್ದವರಿಗೆ 'ಗುಡ್ ಮಾರ್ನಿಂಗ್' ಹೇಳಿಯೇ ಕುಳಿತುಕೊಳ್ಳುವುದು ಮುಸ್ತಫಾನಿಗೆ ಹಿಡಿಸಿತು. ಎರಡನೇ ದಿನ ಅವನೂ ಹೇಳಿದ. ನಮ್ಮಲ್ಲಿಯಂತೆ ಎಡಬದಿಯ ಓಡಾಟ, ಸಂಪಾಜೆ ಘಾಟಿಯಂಥ ತಿರುವುಗಳು. ಎದುರಿನಿಂದ ಲಾರಿ ಬಂದಾಗಲೆಲ್ಲ ಅವನ ಬಲಗಾಲು ತಾನಾಗಿ ಇಲ್ಲದ ಬ್ರೇಕನ್ನು ಒತ್ತುತ್ತಿತ್ತು. ಸೂಫ್ರಿಯೆರ್‌ನಲ್ಲಿ ಸಮುದ್ರದಿಂದ ನೇರ ಎದ್ದು ನಿಂತ ಎರಡು ಬೆಟ್ಟಗಳ ಫೋಟೋ ತೆಗೆದು ಕಿರಿಮಗಳು ಫೌಝಿಯಾಳಿಗೆ ಕಳುಹಿಸಿದ.

ನಾಲ್ಕನೇ ದಿನ ರಾಜಧಾನಿ ಕ್ಯಾಸ್ಟ್ರೀಸ್‌ಗೆ ಹೊರಟ ವ್ಯಾನಿನಲ್ಲಿ ಅವನ ಪಕ್ಕ ಒಬ್ಬಳು ಮುದುಕಿ ಕುಳಿತಳು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳಂತೆ. ಎಲ್ಲಿಂದ ಬಂದಿರಿ, ಏನು ಕೆಲಸ ಎಂದು ವಿಚಾರಿಸಿದಳು. ಮುಸ್ತಫಾ ಹಿಂದೆ ಸೌದಿಯ ದಮ್ಮಾಮಿನಲ್ಲಿ ಕೆಲಸಕ್ಕಿದ್ದಾಗ ಕಲಿತ ಇಂಗ್ಲಿಷಿನಲ್ಲಿ ಮಗಳ ವಿಷಯ ಹೇಳಿ ಫೋನಿನಲ್ಲಿದ್ದ ಕಾಲೇಜಿನ ಚಿತ್ರ ತೋರಿಸಿದ. ಮುದುಕಿ ಚಿತ್ರವನ್ನೂ ಅವನ ಮುಖವನ್ನೂ ನೋಡಿದಳು. ಆಮೇಲೆ, "ಇದು ಮುಚ್ಚಿ ಒಂದೂವರೆ ವರ್ಷವಾಯಿತು ಮಗಾ," ಎಂದಳು. "ಮಕ್ಕಳು ಬೀದಿಗೆ ಬಿದ್ದರು. ನಾವು ಚರ್ಚಿನವರು ಕೆಲವು ತಿಂಗಳು ಊಟ ಹಾಕಿದೆವು."

ಅವಳೇ ಡ್ರೈವರನಿಗೆ ಹೇಳಿ ದಾರಿಯಲ್ಲಿ ವ್ಯಾನು ನಿಲ್ಲಿಸಿದಳು. ಚಿತ್ರದಲ್ಲಿದ್ದದ್ದೇ ಕಟ್ಟಡ. ಕೆಳಗಡೆ ಟಯರಿನ ಅಂಗಡಿ, ಮೇಲಿನ ಮಹಡಿಗೆ ಹೋಗುವ ಮೆಟ್ಟಿಲಿನ ಗೇಟಿಗೆ ಸರಪಳಿ. ಕಿತ್ತು ತೆಗೆದ ಬೋರ್ಡಿನ ಮೊಳೆಗಳು ಮಾತ್ರ ಗೋಡೆಯಲ್ಲಿ ಉಳಿದಿದ್ದವು. ಮುಸ್ತಫಾ ಇಳಿದು ಗೇಟು ಹಿಡಿದುಕೊಂಡು ನಿಂತ. ವ್ಯಾನು ಹೊರಟುಹೋಯಿತು. ಎಷ್ಟೋ ಹೊತ್ತಿನ ಮೇಲೆ ಎದುರು ದಿಕ್ಕಿನ ಇನ್ನೊಂದು ವ್ಯಾನಿಗೆ ಕೈ ತೋರಿಸಿ ಹತ್ತಿದ. ಯಾರಿಗೂ ಏನೂ ಹೇಳದೆ ಕುಳಿತುಕೊಂಡ.

ಸಂಜೆ ಅಮೀರಾ ಬಂದು ಅಕ್ಕಿ ತೊಳೆಯುತ್ತ, "ಇವತ್ತು ಹೃದಯದ ಪಾಠದ ಪರೀಕ್ಷೆ ಇತ್ತು ಉಪ್ಪ," ಎಂದಳು.

"ಹೇಗಾಯ್ತು?"

"ಒಳ್ಳೆದಾಯ್ತು."

ಅವನು ತಲೆಯಾಡಿಸಿದ. ಇಷ್ಟು ನಯವಾಗಿ ಸುಳ್ಳು ಹೇಳಲಿಕ್ಕೆ ಇವಳು ಎಷ್ಟು ದಿನ ಅಭ್ಯಾಸ ಮಾಡಿದ್ದಿರಬಹುದು ಎಂದುಕೊಂಡ.

ಬೆಳಗ್ಗೆ ಅವಳು ಚೀಲ ಎತ್ತಿಕೊಂಡಾಗ ಅವನೂ ಚಪ್ಪಲಿ ಮೆಟ್ಟಿದ. "ಇವತ್ತು ನಾನೂ ಬರ್ತೇನೆ. ನಿನ್ನೆ ಆ ಗೇಟು ನೋಡಿದ್ದೇನೆ ಮಗಳೇ. ಬೀಗ ಉಂಟು."

ಅಮೀರಾ ಚೀಲ ಇಳಿಸಿ ಬಾಗಿಲ ಬಳಿಯೇ ಕುಳಿತಳು. ಅಳಲಿಲ್ಲ. ಗುಡ್ಡದ ಮೇಲಿನ ಮನೆಯೊಂದರಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬಳನ್ನು ಮೀಯಿಸಿ ಉಣಿಸುವುದು ಈಗ ತನ್ನ ಕೆಲಸವೆಂದಳು. ಕಾಲೇಜು ಮುಚ್ಚಿದ ವಾರವೇ ನಿಯಾಝ್‌ಗೆ ತಿಳಿಸಿದ್ದಳು. ಬೇರೆ ಕಡೆ ಸೇರಿಸುತ್ತೇನೆ, ಮನೆಯಲ್ಲಿ ಹೇಳಬೇಡ ಎಂದಿದ್ದನಂತೆ.

"ನನಗೆ ಹೇಳಬಹುದಿತ್ತಲ್ಲ?"

"ಹೇಳಲಿಕ್ಕೇ ಫೋನು ಮಾಡಿದ್ದು. ನೀವು ಕಡಬ ಸ್ಟ್ಯಾಂಡಿನಲ್ಲಿದ್ದಿರಿ. ನಮ್ಮ ಡಾಕ್ಟರು ಮಾತಾಡುದು ಕೇಳಿ ಅಂತ ಫೋನನ್ನು ಜೋರು ಮಾಡಿ ಬಸ್ಸಿನಲ್ಲಿದ್ದವರಿಗೆಲ್ಲ ಕೇಳಿಸಿದ್ರಿ. ಅಷ್ಟು ಜನರ ಎದುರು ಎಂತ ಹೇಳುದು ನಾನು?"

ಮುಸ್ತಫಾನಿಗೆ ಆ ದಿನ ನೆನಪಿತ್ತು. ಅವತ್ತು ಎಲ್ಲರೂ ಸಂತೋಷಪಟ್ಟಿದ್ದರು.

"ಊರಿಗೆ ಹೋಗುವ, ನಡಿ," ಎಂದ.

"ಬರುದಿಲ್ಲ. ಇಲ್ಲೇ ನರ್ಸಿಂಗಿಗೆ ಸೇರುವ ದಾರಿ ನೋಡ್ತಿದ್ದೇನೆ. ಏನಾದರೂ ಆದ ಮೇಲೆ ಬರ್ತೇನೆ. ಅಲ್ಲಿವರೆಗೆ ಯಾರಿಗೂ ಹೇಳಬೇಡಿ ಉಪ್ಪ. ಫೌಝಿಯಾಳ ಮದುವೆ ಮಾತು ಬೇರೆ ನಡೀತಾ ಉಂಟು."

ಹೇಳುವುದಿಲ್ಲವೆಂದು ಮಾತು ಕೊಟ್ಟು ಅವನು ಊರಿಗೆ ಬಂದ. ಬಸ್ಸಿನಲ್ಲಿ ಕೇಳಿದವರಿಗೆ ಸಮುದ್ರದಲ್ಲಿ ಎದ್ದು ನಿಂತ ಬೆಟ್ಟಗಳ ವಿಷಯ, ತುಂಬದೆ ಹೊರಡದ ವ್ಯಾನುಗಳ ವಿಷಯ ಹೇಳಿದ. ಕಾಲೇಜು ಹೇಗುಂಟು ಎಂದರೆ, "ದೊಡ್ಡದುಂಟು," ಎಂದ. ನಿಯಾಝ್‌ನ ಆಫೀಸಿನ ಎದುರು ಹಾದುಹೋಗುವಾಗ ಬಸ್ಸು ನಿಲ್ಲಿಸಿ ಇಳಿಯಬೇಕೆನಿಸುತ್ತಿತ್ತು. ಅಲ್ಲಿ ಹೋಗಿ ಜಗಳಾಡಿದರೆ ಗುಟ್ಟು ಬಯಲಾಗುತ್ತದೆ. ಹಾಗಾಗಿ ಹೋಗಲಿಲ್ಲ.

ತಿಂಗಳು ಕಳೆದಿರಬೇಕು. ಕೊಯಿಲದಲ್ಲಿ ತೆಂಗಿನ ತೋಟವಿದ್ದ ಕೃಷ್ಣಮೋಹನ ಭಟ್ಟರು ಮಗಳು ಚಿನ್ಮಯೀಯ ಜೊತೆ ಕಡಬ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿ ಡ್ರೈವರ್ ಸೀಟಿನ ಹತ್ತಿರವೇ ನಿಂತರು.

"ಮುಸ್ತಫಾ, ನಿಮ್ಮ ಮಗಳನ್ನು ಕಳಿಸಿದವರದ್ದೇ ಪಕ್ಕದ ದ್ವೀಪದಲ್ಲಿ ಹೊಸ ಕಾಲೇಜು ಅಂತೆ. ನಿಯಾಝ್ ಅಮೀರಾಳ ಫೋಟೋ ತೋರಿಸಿದ. ಇವಳು ಅದನ್ನು ನೋಡಿದ ಮೇಲೆ ಹಟ ಹಿಡಿದಿದ್ದಾಳೆ. ನಾಡಿದ್ದು ಪೇಪರಿಗೆ ಸಹಿ ಹಾಕುದು. ನೀವು ಹೋಗಿ ನೋಡಿದವರು. ಕಳಿಸಬಹುದಾ?"

ಚಿನ್ಮಯೀ ನಗುತ್ತ ಅವನನ್ನೇ ನೋಡುತ್ತಿದ್ದಳು. ಹೊರಡುವ ಸಮಯವಾಗಿತ್ತು, ಕಂಡಕ್ಟರ್ ದೇರಣ್ಣ ಸೀಟಿ ಊದಿದ. ಮುಸ್ತಫಾ ಗಾಡಿ ಬಂದ್ ಮಾಡಿ, ಕೆಳಗಿಳಿದು ಭಟ್ಟರನ್ನು ಆಚೆಗೆ ಕರೆದ.

"ಕಳಿಸಬೇಡಿ ಭಟ್ರೇ. ಅವರು ಅಮೀರಾಳನ್ನು ಸೇರಿಸಿದ ಕಾಲೇಜು ಮುಚ್ಚಿ ಒಂದೂವರೆ ವರ್ಷ ಆಯ್ತು. ನನ್ನ ಮಗಳು ಡಾಕ್ಟರ್ ಆಗ್ತಾ ಇಲ್ಲ, ಯಾರದ್ದೋ ಮನೆಯಲ್ಲಿ ಕೆಲಸಕ್ಕೆ ಇದ್ದಾಳೆ. ಇದು ನಿಮ್ಮಲ್ಲೇ ಇರಲಿ."

ಭಟ್ಟರಲ್ಲಿ ಅದು ಉಳಿಯಲಿಲ್ಲ. ಹಟ ಮಾಡುವ ಮಗಳಿಗೆ ಕಾರಣ ಹೇಳಲೇಬೇಕಾಯಿತು. ಮಗಳು ಸಿಟ್ಟಿನಲ್ಲಿ ನಿಯಾಝ್‌ನ ಆಫೀಸಿಗೆ ಹೋಗಿ ಕೇಳಿದಳು. ಮುಸ್ತಫಾನ ಮಗಳು ಫೇಲಾದ್ದಕ್ಕೆ ಕಾಲೇಜಿನಿಂದ ತೆಗೆದುಹಾಕಿದರು, ಅಪ್ಪನಿಗೆ ಅದರ ಹೊಟ್ಟೆಕಿಚ್ಚು ಎಂದು ನಿಯಾಝ್ ಸಿಕ್ಕಿದವರಿಗೆಲ್ಲ ಹೇಳಿದ. ಶುಕ್ರವಾರ ಮಸೀದಿಯ ಅಂಗಳದಲ್ಲಿ ಮೂರು ಜನ ಮುಸ್ತಫಾನನ್ನು ಸಮಾಧಾನಪಡಿಸಿದರು. ಫೌಝಿಯಾಳನ್ನು ನೋಡಿಹೋದವರು ಮತ್ತೆ ಬರಲಿಲ್ಲ.

ಸುದ್ದಿ ಮುಟ್ಟಿದ ಮೇಲೆ ಅಮೀರಾ ಒಮ್ಮೆ ಮಾತ್ರ ಫೋನು ಮಾಡಿದಳು. "ಆ ಹುಡುಗಿ ಉಳಿದಳಲ್ಲ, ಒಳ್ಳೆದಾಯ್ತು. ಇನ್ನು ನನ್ನನ್ನು ಊರಿಗೆ ಕರೀಬೇಡಿ ಉಪ್ಪ," ಎಂದಳು. ಆಮೇಲೆ ಅವನು ಎಷ್ಟು ಸಲ ಮಾಡಿದರೂ ಎತ್ತಲಿಲ್ಲ.

ಜುಲೈಯಲ್ಲಿ ಚಿನ್ಮಯೀ ಪುತ್ತೂರಿನಲ್ಲಿ ಬಿ.ಎಸ್ಸಿ.ಗೆ ಸೇರಿದಳು. ಬೆಳಗ್ಗೆ ಕಾಲೇಜಿನ ಸಮಯಕ್ಕೆ ಸರಿಯಾಗಿ ಆ ದಾರಿಯಲ್ಲಿ ಇದ್ದದ್ದು ಮುಸ್ತಫಾನ ಬಸ್ಸು ಒಂದೇ. ತನ್ನನ್ನು ಡಾಕ್ಟರಾಗದಂತೆ ತಡೆದವನು ಇವನೇ ಎಂದು ಗೆಳತಿಯರ ಹತ್ತಿರ ಅವಳು ಹೇಳಿಕೊಂಡದ್ದು ದೇರಣ್ಣನ ಕಿವಿಗೆ ಬಿದ್ದು ಅವನಿಂದ ಮುಸ್ತಫಾನಿಗೂ ತಲುಪಿತ್ತು. ಅವಳು ಯಾವತ್ತೂ ಹಿಂದಿನ ಬಾಗಿಲಿನಿಂದ ಹತ್ತುತ್ತಿದ್ದಳು. ಅವಳು ಹತ್ತಿದಳೆಂದು ಕನ್ನಡಿಯಲ್ಲಿ ನೋಡಿಕೊಂಡ ಮೇಲೆಯೇ ಅವನು ಗಾಡಿ ಬಿಡುತ್ತಿದ್ದ.