ಉಸಿರು ತೆಗೆದುಕೊಳ್ಳುವ ಜಾಗ

ಈ ಒಂದು ಜೊತೆ ಡ್ರಮ್ ಕಡ್ಡಿಯ ಬೆಲೆಗೆ ಆಗ ನಾವು ನಾಲ್ವರೂ ಒಂದು ವಾರ ಊಟ ಮಾಡುತ್ತಿದ್ದೆವು, ಅಂಗೈಗೆ ಹೊಸ ಮರದ ವಾಸನೆ ಅಂಟಿದೆ, ಅಣ್ಣನ ಆರ್ಗನ್ನಿಗೆ ಅಮ್ಮನ ಎರಡು ಬಳೆ ಹೋದವು, ವ್ಯಾನಿಗೆ ಅಪ್ಪನ ಟೈರ್ ಅಂಗಡಿಯ ಅರ್ಧ ಜಾಗ ಹೋಯಿತು, ಭಾವನ ಮೈಕಿಗೆ—ಭಾವನದು ಏನೂ ಹೋಗಲಿಲ್ಲ, ಅವನು ಅಕ್ಕನನ್ನು ಕಟ್ಟಿಕೊಂಡು ಬಂದ, ಬಂದವನೇ ಮೈಕಿನ ಮುಂದೆ ನಿಂತ, ಇವತ್ತೂ ಅಲ್ಲೇ ನಿಂತಿದ್ದಾನೆ, ಪರದೆ ಏಳುವ ಮೊದಲೇ ಕೂದಲು ನೀವಿಕೊಳ್ಳುತ್ತಿದ್ದಾನೆ. ಪರದೆಯ ಸಂದಿನಲ್ಲಿ ಮುಂದಿನ ಸಾಲು ಕಾಣುತ್ತದೆ, ಅಕ್ಕ ಗಾಲಿಕುರ್ಚಿಯ ಬ್ರೇಕು ಹಾಕಿ ಅಣ್ಣನ ಬಾಯಿಯ ಮೂಲೆ ಒರೆಸುತ್ತಿದ್ದಾಳೆ, ಲಕ್ವ ಹೊಡೆದು ವರ್ಷವಾಯಿತು, ಬಲಗೈ ಹೋಯಿತು, ಮಾತು ಹೋಯಿತು, ಆ ಸೊಟ್ಟ ಬಾಯಿ ತೆರೆದರೆ ಬರೀ ಗಾಳಿ, ಇನ್ನೊಂದು ಸಲ ಹೊಡೆದರೆ ಉಳಿಯೋದು ಕಷ್ಟ ಎಂದಿದ್ದರು ಡಾಕ್ಟರು, ಅದಕ್ಕೇ ನಾನು ಭಾವನ ಬಾಗಿಲಿಗೆ ಹೋದದ್ದು, ಭಾವ, ಆ ಉದ್ದದ ಹಾಡು ಒಂದೇ ಒಂದು ಸಲ ಪೂರ್ತಿ ಬಾರ್ಸೋಣ, ಅವನು ಕೇಳಿಸ್ಕೊಳ್ಲಿ—ಅಯ್ಯೋ ಅದಕ್ಕೇನಂತೆ ಭಾಮೈದ, ಬಾರ್ಸೋಣ, ನಿನ್ನ ಕೈ ಇನ್ನೂ ಓಡುತ್ತಾ, ಇಲ್ಲ ಕೋಲೂರ್ಕೊಂಡು ನಡೀತಿದೆಯಾ—ನಕ್ಕ, ನಗುವಾಗ ಅಕ್ಕನ ಕಡೆ ನೋಡಿದ, ಮಾತು ಕೊಟ್ಟದ್ದಕ್ಕೆ ಸಾಕ್ಷಿ ಇರಲಿ ಅಂತಲೋ ಏನೋ.

ಅಂಗಡಿಯ ಹಿಂದೆ ಹಳೇ ಟೈರುಗಳ ನಡುವೆ ಒಂದು ಬೇಸಿಗೆ ಪೂರ್ತಿ ಕೂತು ಅಣ್ಣ ಕಟ್ಟಿದ ಹಾಡು ಅದು, ಮೂರು ಪೆಟ್ಟು, ಮತ್ತೆ ನಾಲ್ಕು ಪೆಟ್ಟು, ಕುಂಟ ಓಡಿದ ಹಾಗೆ, ಮೊದಲು ಒಂದು ಬಿರುಗಾಳಿ, ಕೊನೆಗೆ ಇನ್ನೊಂದು, ಮೊದಲನೆಯದರಲ್ಲಿ ಬಂದದ್ದೆಲ್ಲ ಎರಡನೆಯದರಲ್ಲಿ ತಲೆಕೆಳಗಾಗಿ ಬರುತ್ತಿತ್ತು, ಅದಕ್ಕಾಗಿಯೇ ಇಡೀ ಹಾಡು, ನಡುವೆ ಮಾತ್ರ ಒಂದಿಷ್ಟು ಮೆತ್ತನೆಯದು, ಇದ್ಯಾಕಣ್ಣ ಎಂದರೆ, ಕೇಳೋರಿಗೂ ಉಸಿರು ಬೇಕಲ್ವೇನೋ, ಅಲ್ಲಿ ನಿನಗೆ ಕೆಲ್ಸ ಇಲ್ಲ, ಬೆವರು ಒರೆಸ್ಕೋ. ಜನ ಕುಣಿಯಲಿಲ್ಲ, ನಿಮ್ಮ ಹಾಡು ಮುಗಿಯೋದ್ರೊಳಗೆ ನನ್ನ ಗಿರಾಕಿಗಳಿಗೆ ಮೊಮ್ಮಕ್ಕಳಾಗ್ತಾರೆ ಕಣಯ್ಯಾ ಎಂದ ಡಾನ್ಸ್ ಹಾಲಿನ ಮಾಲೀಕ, ಆದರೂ ಬಾರಿಸಿದೆವು, ವ್ಯಾನಿನಲ್ಲೇ ಮಲಗಿದೆವು, ಆಮೇಲೆ ರೆಕಾರ್ಡು ಕಂಪನಿಯವನು ಕನ್ನಡಕ ಒರೆಸುತ್ತ ಪೂರ್ತಿ ಕೇಳಿ, ಆ ನಡುವಿನದನ್ನ ಕೊಯ್ದು ಕೊಡಿ, ಮಿಕ್ಕಿದ್ದು ನೀವೇ ಇಟ್ಕೊಳ್ಳಿ ಎಂದ, ತರಕಾರಿ ಅಂಗಡಿಯಲ್ಲಿ ಕುಂಬಳಕಾಯಿ ಹೋಳು ಕೇಳಿದ ಹಾಗೆ, ಅಣ್ಣ ಎದ್ದು ನಿಂತ, ಭಾವ ಕೂತೇ ಇದ್ದ, ವ್ಯಾನಿನಲ್ಲಿ ಮನೆ ಮುಟ್ಟುವಷ್ಟರಲ್ಲಿ ಆ ಮೆತ್ತನೆಯ ರಾಗಕ್ಕೆ ಮಾತು ಹೊಂದಿಸಿಬಿಟ್ಟಿದ್ದ, ಬಾಗಿಲು ತೆರೆದೇ ಇದೆ, ಮೆಲ್ಲಗೆ ಬಾ—ಬಾಗಿಲು ತೆರೆದಿದ್ರೆ ಕಳ್ಳ ಬರ್ತಾನೆ ಕಣೋ ಎಂದ ಅಣ್ಣ, ಯಾರೂ ನಗಲಿಲ್ಲ, ಬಾಡಿಗೆ ಕಟ್ಟಬೇಕಿತ್ತು. ಹಲ್ಲಿನ ಡಾಕ್ಟರ ಹತ್ತಿರ ಬಾಯಿ ಬಿಟ್ಟು ಕೂತರೆ ಅದೇ ಹಾಡು, ಲಿಫ್ಟಿನಲ್ಲಿ ಅದೇ ಹಾಡು, ನನ್ನ ಕೈಗೊಂದು ಗಿಲಕಿ ಕೊಟ್ಟರು, ಸುಮ್ನೆ ಕೂತ್ಕೊಂಡು ಆಡ್ಸು, ಎರಡನೇ ಬಿರುಗಾಳಿ ಇದ್ದ ಟೇಪನ್ನು ಕಂಪನಿಯವರು ಅಳಿಸಿ ಇನ್ಯಾರದೋ ಹಾಡಿಗೆ ಬಳಸಿಕೊಂಡರು, ಅಣ್ಣ ಅವರು ಕೇಳಿದ ಹಾಗೆ ಇನ್ನಷ್ಟು ಮೆತ್ತನೆಯವನ್ನು ಬರೆದುಕೊಟ್ಟು ಒಂದು ದಿನ ಆರ್ಗನ್ನಿನ ಮುಚ್ಚಳ ಹಾಕಿ ಹೋದ, ಕಂಡವರ ಪಿಯಾನೋಗಳಿಗೆ ಶ್ರುತಿ ಕೂಡಿಸುತ್ತ ಬದುಕಿದ, ಹೋಟೆಲಿನ ರೇಡಿಯೋದಲ್ಲಿ ಬಾಗಿಲು ತೆರೆದೇ ಇದೆ ಶುರುವಾದರೆ ಅರ್ಧ ಟೀ ಬಿಟ್ಟು ಎದ್ದುಬಿಡುತ್ತಿದ್ದ. ನಾನು ಉಳಿದೆ, ಇಬ್ಬರು ಹೆಣ್ಣುಮಕ್ಕಳು, ಗಿಲಕಿ ಆಡಿಸಿದರೂ ಸಂಬಳ ಸಂಬಳವೇ.

ಪರದೆ ಎದ್ದಿತು, ಮೂರು, ನಾಲ್ಕು, ಭುಜ ಉರಿಯುತ್ತಿದೆ, ಉರಿಯಲಿ, ಬೇಸ್ ಗಿಟಾರಿನ ಮೌನಿ—ಅವನ ಬಾಯಿಂದ ಮಾತು ಹೊರಡಿಸುವುದಕ್ಕಿಂತ ಕಲ್ಲಿನಿಂದ ಎಣ್ಣೆ ತೆಗೆಯುವುದು ಸುಲಭ—ಆ ಮೌನಿ ನನ್ನ ನೋಡಿ ಹಲ್ಲು ಬಿಡುತ್ತಿದ್ದಾನೆ, ಜನ ಫೋನು ನೋಡುತ್ತಿದ್ದಾರೆ, ಯಾರೋ ಎದ್ದು ಹೊರಗೆ ಹೋದರು, ಹೋಗಲಿ, ನಾನು ಬಾರಿಸುತ್ತಿರುವುದು ಒಂದು ಕುರ್ಚಿಗೆ, ಆ ಮುಖ ಮಾತ್ರ ಗೋಡೆ, ತಡಿ, ಎರಡನೆಯದು ಬರಲಿ, ಆಗ ಗೊತ್ತಾಗುತ್ತದೆ ಅವನಿಗೆ, ಮೊದಲ ಬಿರುಗಾಳಿ ಇಳಿಯಿತು, ಬೆವರು ಒರೆಸಿಕೊಂಡೆ, ಗಿಲಕಿ ಹಿಡಿದೆ, ಮೆತ್ತನೆಯದು ಶುರುವಾಯಿತು, ಗುರುತು ಸಿಕ್ಕಿ ಇಡೀ ಸಭಾಂಗಣವೇ ಎದ್ದು ನಿಂತಿತು, ಭಾವ ಒಂದು ಸಲ ಹಾಡಿದ, ಮತ್ತೆ ಹಾಡಿದ, ಮೂರನೇ ಸಲಕ್ಕೂ ತಿರುಗಿದ, ನನ್ನ ಕಡೆ ಮಾತ್ರ ತಿರುಗಲಿಲ್ಲ, ಎರಡನೆಯದಕ್ಕೆ ದಾಟಿಸುವುದಿಲ್ಲ ಇವನು, ಬಾಡಿಗೆಗೆ ಬಂದ ಆರ್ಗನ್ನಿನ ಹುಡುಗಿ ಅವನ ಮುಖವನ್ನೇ ನೋಡುತ್ತಿದ್ದಾಳೆ, ಸರಿ, ಗಿಲಕಿ ಕೆಳಗಿಟ್ಟೆ, ಕಡ್ಡಿ ಎತ್ತಿದೆ, ಯಾರ ಸನ್ನೆಯೂ ಬೇಡ, ನಾನು ಹೊಡೆದರೆ ಮೌನಿ ಬರುತ್ತಾನೆ, ಅವನ ಕಣ್ಣು ನನ್ನ ಕೈ ಮೇಲಿದೆ, ಇಬ್ಬರು ಸಾಕು—ಅಣ್ಣನ ಬಾಯಿ ತೆರೆಯಿತು. ಬಾಗಿಲು, ಎಂದಿತು. ಗಾಳಿಯಲ್ಲ, ದನಿ. ತೆರೆದೇ ಇದೆ, ಎಂದಿತು, ಒರಟಾಗಿ, ಸೊಟ್ಟಗೆ, ತಾಳಕ್ಕೆ ಸರಿಯಾಗಿ, ಅಕ್ಕ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು, ವರ್ಷದಿಂದ ತನ್ನ ಹೆಸರು ಹೇಳಲಾರದ ಬಾಯಿ, ನನ್ನನ್ನು ತಮ್ಮಾ ಎನ್ನಲಾರದ ಬಾಯಿ, ಭಾವನ ಮಾತನ್ನು ಒಂದಕ್ಷರ ಬಿಡದೆ ಹಾಡುತ್ತಿದೆ, ಕೇಳಿದರೆ ಅರ್ಧ ಟೀ ಬಿಟ್ಟು ಎದ್ದು ಹೋಗುತ್ತಿದ್ದನಲ್ಲ, ಆ ಮಾತನ್ನು, ಭಾವನೂ ನೋಡಿದ, ವೇದಿಕೆಯ ಅಂಚಿಗೆ ಹೋಗಿ ಮಂಡಿಯೂರಿದ, ಅವನ ಕಣ್ಣಲ್ಲಿ ನೀರು, ನಾಟಕವೆನ್ನೋಣವೆಂದರೆ ನಾಟಕವಲ್ಲ, ಹಾಳಾದವನು ನಿಜವಾಗಿ ಅಳುತ್ತಿದ್ದಾನೆ, ನಾನೀಗ ಹೊಡೆದರೆ ಆ ಬಾಯಿ ಮುಚ್ಚಿಕೊಳ್ಳುತ್ತದೆ, ಮತ್ತೆ ತೆರೆಯುತ್ತದೋ ಇಲ್ಲವೋ, ಮೌನಿ ಇನ್ನೂ ನೋಡುತ್ತಿದ್ದಾನೆ, ಕಡ್ಡಿ ತೊಡೆಯ ಮೇಲಿಟ್ಟು ತಲೆಯಾಡಿಸಿದೆ, ಗಿಲಕಿ ಎತ್ತಿಕೊಂಡೆ, ಮೆಲ್ಲಗೆ ಬಾ, ಎನ್ನುತ್ತದೆ ಬಾಯಿ, ಮುಚ್ಚುತ್ತದೆ, ತೆರೆಯುತ್ತದೆ, ಮೆಲ್ಲಗೆ ಬಾ. ಅಣ್ಣನಿಗೆ ದನಿ ಬಂದಿದೆ. ಅವನು ಬರೆದ ಹಾಡನ್ನು ಇನ್ನು ಯಾರೂ ಬಾರಿಸುವುದಿಲ್ಲ.