ಅಣ್ಣನ ಹೆಸರಿನ ಹುಡುಗಿ

ಚಹಾಕ್ಕೆಂದು ಹಿಮಗಡ್ಡೆ ಒಡೆಯುತ್ತಿದ್ದ ಮಿಯಾಲಿಯ ಕೈ, ತಾಯಿ ಸೀಪೋರಾ ಬಾಗಿಲು ತಳ್ಳಿಕೊಂಡು ಬಂದದ್ದನ್ನು ಕಂಡು ಅಲ್ಲೇ ನಿಂತಿತು. ಮುದುಕಿಯ ಕಂಕುಳಲ್ಲಿ ಸೀಲ್ ಚರ್ಮದ ಹೊಸ ಬೂಟುಗಳಿದ್ದವು. ಹೊಲಿಗೆ ಗಂಡಸರದು, ಅಳತೆ ಪುಟ್ಟ ಮಗುವಿನದು.

"ಎಲ್ಲಿ ನನ್ನ ಮಗ? ಇನ್ನೂ ಎದ್ದಿಲ್ವಾ ಸೋಮಾರಿ?"

ಕಿಟಕಿಯ ಬಳಿ ಕೂತಿದ್ದ ಹುಡುಗಿ ತಿರುಗಿದಳು. ಉತ್ತರಿಸುವ ಮೊದಲು ಹೆತ್ತವಳಾದ ಮಿಯಾಲಿಯ ಮುಖ ನೋಡಿದಳು.

ಮಿಯಾಲಿಯ ಅಣ್ಣ ಕೌತಾಕ್ ಬೇಟೆಗೆ ಹೋದವನು, ಸಮುದ್ರದ ಮೇಲಿನ ಹಿಮ ಬಿರಿದು ಮುಳುಗಿದ. ಅದೇ ವರ್ಷ ಮಿಯಾಲಿಗೆ ಈ ಹುಡುಗಿ ಹುಟ್ಟಿದಳು. ಹಿಮನಾಡಿನ ಇನುಯಿತರ ಮನೆಗಳಲ್ಲಿ ಸತ್ತವರ ಹೆಸರು ಹುಟ್ಟಿದವರಿಗೆ ಬರುತ್ತದೆ, ಹೆಸರಿನ ಜೊತೆ ನಂಟೂ ಬರುತ್ತದೆ. ಹಾಗೆ ಕೌತಾಕನಾದ ಮಗು ಮಾತು ಕಲಿತಾಗಿನಿಂದ ಅಜ್ಜಿಯನ್ನು ಅಮ್ಮ ಎಂದೂ, ತಾಯಿಯನ್ನು ತಂಗಿ ಎಂದೂ ಕರೆಯುತ್ತಿತ್ತು.

ಚಳಿಗಾಲ ಕಾಲಿಟ್ಟಾಗ ಒಂದು ದಿನ ಅದು ಸಮುದ್ರವನ್ನೇ ನೋಡುತ್ತ ಏನೋ ಕೇಳಲು ಬಾಯಿ ತೆರೆದಿತ್ತು. ಏನು ಕೇಳಲಿದೆಯೆಂದು ಮಿಯಾಲಿಗೆ ಹೊಳೆದು, ಮಾತು ಹೊರಬರುವ ಮೊದಲೇ ಅದರ ಬಾಯಿಗೆ ಕೈ ಅಡ್ಡವಿಟ್ಟಳು. ಈ ಹೆಸರು ಇವಳನ್ನೂ ನೀರಿಗೆ ಎಳೆದುಕೊಂಡರೆ? ಅಂದಿನಿಂದ ಮಗುವನ್ನು ಶಾಲೆಯ ಹೆಸರಿನಿಂದ, ಲಿಡಿಯಾ ಎಂದೇ ಕರೆದಳು. ಮನೆಯಲ್ಲಿ ಕೌತಾಕನ ಹೆಸರು ಹೇಳುವುದೇ ನಿಂತುಹೋಯಿತು. ಮಗು ಮಾತ್ರ ಕಿಟಕಿ ಬಿಟ್ಟು ಏಳಲಿಲ್ಲ. ಯಾರೋ ಹೊರಗಿನಿಂದ ಒಳಗೆ ನೋಡುತ್ತಿದ್ದಾರೆ ಎಂದು ಮಿಯಾಲಿಗೂ ಆಗಾಗ ಅನ್ನಿಸುತ್ತಿತ್ತು.

"ಬೇಡಮ್ಮಾ. ಅವಳು ಲಿಡಿಯಾ. ಹೋದವರನ್ನ ಮರೀಬೇಕು ಅಂತ ಟೀಚರೂ ಹೇಳಿದ್ರು."

"ಹೌದಾ? ನೀನು ಮರೆತ್ಯಾ?"

ಮಿಯಾಲಿ ಮತ್ತೆ ಹಿಮಗಡ್ಡೆ ಒಡೆಯತೊಡಗಿದಳು.

"ಮತ್ತೆ? ಅವನೊಬ್ಬನೇ ಬಾಗಿಲ ಹೊರಗೆ ನಿಂತಿರಬೇಕಾ?" ಮುದುಕಿ ನೆಲದ ಮೇಲೆ ಕೂತು ಮಗುವಿನತ್ತ ತಿರುಗಿದಳು. "ಕಾಲು ಚಾಚೋ! ಬೇಟೆಗೆ ಅಂತ ನನ್ನ ಒಳ್ಳೇ ಚಾಕು ತಗೊಂಡು ಹೋದೋನು ಇನ್ನೂ ವಾಪಸ್ ಕೊಟ್ಟಿಲ್ಲ, ಕಳ್ಳ!"

ಮಗು ಕಿಸಕ್ಕನೆ ನಕ್ಕಿತು. ಆ ನಗು ಕೇಳಿ ಎಷ್ಟು ಕಾಲವಾಗಿತ್ತೋ. ಮಿಯಾಲಿ ಗಡ್ಡೆಯನ್ನು ಕೆಳಗಿಟ್ಟು ಬಂದು, ಮಂಡಿಯೂರಿ, ಬೂಟಿನ ದಾರವನ್ನು ತಾನೇ ಕಟ್ಟಿದಳು.

"ಬಿಗಿ ಆಯ್ತಾ... ಅಣ್ಣಾ?"

ಮಗು ಇಲ್ಲವೆಂದು ತಲೆಯಾಡಿಸಿತು. ಹಿಮ ಹಿಡಿದು ಮರಗಟ್ಟಿದ್ದ ಅವಳ ಕೈಗಳನ್ನು ತನ್ನ ಪುಟ್ಟ ಅಂಗೈಗಳ ನಡುವೆ ತೆಗೆದುಕೊಂಡು ಉಜ್ಜತೊಡಗಿತು.

"ತಂಗೀ, ಸಮುದ್ರದ ಹಿಮ ಬಿರಿದಾಗ ನಂಗೆ ತುಂಬಾ ಚಳಿ ಆಗಿತ್ತಾ?"